ರಥೋಪಸ್ಥ

ರಥವೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಗಾಲಿ, ಕುದುರೆ, ಧ್ವಜ. ಅದರ ಒಳಮೈಯನ್ನು ನೆನೆಯುವವರು ವಿರಳ. ಆದರೂ ಸಂಸ್ಕೃತದಲ್ಲಿ ಅದಕ್ಕೊಂದು ಪ್ರತ್ಯೇಕವಾದ ಹೆಸರುಂಟು: ರಥೋಪಸ್ಥ. ಏರಿದವನು ನಿಲ್ಲುವ, ಕೂಡುವ, ಒರಗುವ ಎಡೆ ಅದು. ಕುರುಕ್ಷೇತ್ರದಲ್ಲಿ ಅರ್ಜುನನು ಬಿಲ್ಲುಬಾಣಗಳನ್ನು ಬಿಸುಟು ಕುಳಿತುದು ಅಲ್ಲಿಯೇ. ಸಂಕಟವನ್ನು ತೋಡಿಕೊಂಡುದೂ ಸಮಾಧಾನವನ್ನು ಪಡೆದುದೂ ಅಲ್ಲಿಯೇ. ರಥವು ಓಡುವುದು ಗಾಲಿಯಿಂದ. ಅದರಲ್ಲಿ ಮನುಷ್ಯನು ಇರುವುದು ಒಳಮೈಯಿಂದ. ಈಗಿನ ಮೋಟಾರು ಗಾಡಿಗೂ ಈ ಮಾತು ಸಲ್ಲದಿರದು.

ಹಳಿಯಾಳದ ಒಂದು ಕೇರಿಯಲ್ಲಿ, ಹಂಚು ಹೊದಿಸಿದ ಕೊಟ್ಟಿಗೆಯೊಳಗೆ, ಅಂಥ ರಥವೊಂದುಂಟು. ಇಬ್ಬರಿಗಷ್ಟೇ ಎಡೆಯುಳ್ಳ, ಮೇಲ್ಕಟ್ಟನ್ನು ಮಡಿಚಿಡಬಹುದಾದ ಹಸುರು ಬಣ್ಣದ ಗಾಡಿ, ಎಂ.ಜಿ. ಕಂಪೆನಿಯ ಟಿ.ಸಿ. ಎಂಬ ಮಾದರಿ. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೆ, 1945ರಲ್ಲಿ, ಇಂಗ್ಲೆಂಡಿನ ಆ್ಯಬಿಂಗ್ಡನ್ ಎಂಬ ಊರಿನಲ್ಲಿ ಇದರ ತಯಾರಿಕೆ ಮೊದಲಾಯಿತು. 1949ರಲ್ಲಿ ನಿಲ್ಲುವುದರೊಳಗೆ ಸುಮಾರು 10,000 ಗಾಡಿಗಳು ಹೊರಬಿದ್ದುವು. 1250 ಘನ ಸೆಂಟಿಮೀಟರಿನ ನಾಲ್ಕು ಕೊಳವೆಗಳ ಯಂತ್ರ. 19 ಅಂಗುಲದ, ತಂತಿಯ ಅರೆಗಳುಳ್ಳ ಎತ್ತರವಾದ ಗಾಲಿಗಳು. ಹಿಂಬದಿಯಲ್ಲಿ ತಿರುಗಣಿಯಿಟ್ಟು ಮುಂಬದಿಯಿಂದ ತೆರೆಯುವ ಗಿಡ್ಡ ಬಾಗಿಲುಗಳು. ಹೊರಗಣ ತಗಡು ಉಕ್ಕಿನದಾದರೂ ಆ ತಗಡನ್ನು ಹೊತ್ತಿರುವ ಎಲುಬುಗೂಡು ಮರದ್ದು. ಆ್ಯಶ್ ಎಂಬ, ಅಲ್ಲಿಯ ಹಳೆಯ ಸಾರೋಟುಗಳಿಗೆ ಬಳಸುತ್ತಿದ್ದ ಮರ. ಆದುದರಿಂದ ಈ ಗಾಡಿ ಕಮ್ಮಾರನಿಗೆಷ್ಟು ಸೇರಿದುದೋ ಬಡಗಿಗೂ ಅಷ್ಟೇ ಸೇರಿದುದು. ಇಂಥ ಗಾಡಿಗಳನ್ನು ಧರ್ಮಸ್ಥಳದ ವಸ್ತುಸಂಗ್ರಹಾಲಯದಂಥ ಕಡೆ ಸಾಲಾಗಿ ನಿಲ್ಲಿಸಿ ಕಾಪಾಡುತ್ತಾರೆ; ಹಳಿಯಾಳದ ಈ ಗಾಡಿಗೆ ಆ ಭಾಗ್ಯವಿರಲಿಲ್ಲ. ಅದು ಒಂದು ಮನೆಯ ಗಾಡಿ. ಮನೆಯ ಕಷ್ಟಸುಖಗಳೆಲ್ಲ ಅದರ ಮೈಮೇಲೆಯೂ ಬಂದುವು.

ಗಾಡಿಯನ್ನು ಕೊಂಡವರು ಹಳೆಯ ಸೂಪಾದ ಕಟ್ಟಿಗೆಯ ಗುತ್ತಿಗೆದಾರರೊಬ್ಬರು. ಮುಂಬಯಿಯಲ್ಲಿ ವ್ಯಾಪಾರ ಮುಗಿಸಿ ಸ್ವದೇಶಕ್ಕೆ ಹೊರಟುನಿಂತ ಆಂಗ್ಲನೊಬ್ಬನಿಂದ 1951ರಲ್ಲಿ ಅವರು ಅದನ್ನು ಪಡೆದರು. ಕಾಡಿನ ದಾರಿಗೆ ಅದು ಹೇಳಿಸಿದ ವಾಹನವಲ್ಲ. ಅವರಿಗೆ ಅದು ಗೊತ್ತಿತ್ತು. ಮನುಷ್ಯನು ಕೊಳ್ಳುವ ವಸ್ತುಗಳಲ್ಲಿ ಒಂದಾದರೂ ಬುದ್ಧಿಯನ್ನು ಕೇಳದೆ ಕೊಂಡುದು ಇರುತ್ತದೆ. ಒಳಗಣ ಹೊದಿಕೆ ಬಿಸಿಲಿಗೆ ಸೀಳಿದ್ದುದರಿಂದ, ಬೆಳಗಾವಿಯಲ್ಲಿ ಕೆಂಪು ತೊಗಲು ತರಿಸಿ, ಬಾಗಿಲ ಹಲಗೆ, ಪಕ್ಕದ ಹಲಗೆ, ಒರಗು, ಕೂಡುವ ಮೆತ್ತೆ ಎಲ್ಲಕ್ಕೂ ಹೊಸದಾಗಿ ಹೊದಿಸಿದರು.

ಜೋಯಿಡಾ ಸೀಮೆಯ ಮಳೆಯನ್ನು ಬಲ್ಲವರಿಗೆ ಅಲ್ಲಿ ತೊಗಲನ್ನು ಕಾಪಾಡುವುದೆಂದರೇನೆಂಬುದು ಗೊತ್ತಿರುತ್ತದೆ. ಆ ತಾಲೂಕಿಗೇ ಸೇರಿದ ಕ್ಯಾಸಲ್‌ರಾಕಿನಲ್ಲಿ ವರುಷಕ್ಕೆ 5000 ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತದೆ. ಆಷಾಢದಲ್ಲಿ ಗೋಡೆಯ ಮೇಲಿನ ಪಂಚಾಂಗಕ್ಕೆ ಬೂಸರು ಹಿಡಿಯುವ ನಾಡಿನಲ್ಲಿ ತೊಗಲಿನ ಪಾಡೇನು? ಅದಕ್ಕಾಗಿ ಅವರೊಂದು ಕ್ರಮವನ್ನು ಮಾಡಿಕೊಂಡಿದ್ದರು. ಮೃಗಶಿರಾ ಮಳೆ ಹುಟ್ಟುವ ಮುನ್ನ ಗಾಡಿಯ ಒಳಮೈಯನ್ನೆಲ್ಲ ಬಿಚ್ಚಿ, ಒಣಬಟ್ಟೆಯಿಂದ ಒರಸಿ, ಸಾಗುವಾನಿಯ ದೊಡ್ಡ ಪೆಟ್ಟಿಗೆಯೊಳಗೆ ಬೇವಿನೆಲೆಯ ನಡುವೆ ಇಟ್ಟು, ಅಡಿಗೆಮನೆಯ ಅಟ್ಟದ ಮೇಲೆ ಹೊಗೆಯ ಬಿಸುಪಿಗೆ ಏರಿಸುವರು. ದೀಪಾವಳಿಗೆ ಇಳಿಸಿ ಮತ್ತೆ ಜೋಡಿಸುವರು. ಯಾವ ಭಾಗ ಎಲ್ಲಿಗೆಂದು ತಪ್ಪದಂತೆ ಪ್ರತಿಯೊಂದು ಹಲಗೆಯ ಬೆನ್ನಿಗೂ ಒಂದೊಂದು ಅಕ್ಷರವನ್ನು ಬರೆದಿದ್ದರು. ಕಾಲ ಬಳಿಯ ಹಲಗೆಗಳು ‘ಅ’, ‘ಆ’, ಬಾಗಿಲುಗಳು ‘ಇ’, ‘ಈ’, ಪಕ್ಕದವು ‘ಉ’, ‘ಊ’, ಒರಗು ‘ಎ’, ಮೆತ್ತೆಗಳೆರಡು ‘ಏ’, ‘ಐ’. ಇಬ್ಬರು ಮಕ್ಕಳಲ್ಲಿ ಹಿರಿಯನು ತಿರುಪು ಬಿಗಿಯುವನು, ಕಿರಿಯನು ಕೇಳಿದ ಅಕ್ಷರವನ್ನು ಎತ್ತಿಕೊಡುವನು. ಕಿರಿಯನು ಶಾಲೆಗೆ ಸೇರುವ ಮೊದಲೇ ಸ್ವರಗಳನ್ನು ಕಲಿತುದು ಆ ಹಲಗೆಗಳ ಬೆನ್ನಿನಿಂದ.

ಆಮೇಲೆ ನೀರು ಬಂತು. ಕಾಳೀ ನದಿಗೆ ಸೂಪಾದ ಬಳಿ ಅಣೆಕಟ್ಟು ಕಟ್ಟುವ ಕೆಲಸ 1970ರ ದಶಕದಲ್ಲಿ ಮೊದಲಾಗಿ, 101 ಮೀಟರು ಎತ್ತರದ ಆ ಕಟ್ಟೆ 1987ರಲ್ಲಿ ಪೂರ್ತಿಯಾಯಿತು. ನಾಡಿಗೆ ವಿದ್ಯುತ್ತು ದೊರೆಯಿತು. ಸೂಪಾ ಊರು ನೀರಿನ ಕೆಳಗೆ ಹೋಯಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ಹೊಸದಾಗಿ ಮನೆ ಕಟ್ಟಿದರು. ಈ ಕುಟುಂಬದ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಊರು ಬಿಡುವ ಅವಸರದಲ್ಲಿಯೇ ಅಣ್ಣತಮ್ಮಂದಿರು ಪಾಲಾದರು. ಪಂಚರು ಕೂತು ಮಾಡಿದ ಪಾಲಿನಲ್ಲಿ ಗಾಡಿ ಅಣ್ಣನಿಗೆ ಬಂತು. ಅಟ್ಟದ ಮೇಲಿನ ಪಾತ್ರೆಪರಡಿ, ಪೆಟ್ಟಿಗೆಗಳು ತಮ್ಮನಿಗೆ ಹೋದುವು. ಅದು ಶ್ರಾವಣ ಮಾಸ. ಗಾಡಿಯ ಒಳಮೈ ಪೆಟ್ಟಿಗೆಯಲ್ಲಿತ್ತೆಂಬುದು ಪಂಚರಲ್ಲಿ ಯಾರಿಗೂ ಹೊಳೆಯಲಿಲ್ಲ.

ದೀಪಾವಳಿಗೆ ಅಣ್ಣನು ಹೇಳಿಕಳುಹಿಸಿದನು. ಅಷ್ಟು ಹೊತ್ತಿಗೆ ಮನೆಯ ಬೆಲೆ, ಪರಿಹಾರದ ಹಣ, ತಾಯಿಯ ಬಂಗಾರ ಎಂದು ಮಾತಿಗೆ ಮಾತು ಬೆಳೆದಿತ್ತು. “ಪಾಲಿನಾಗ ಬಂದದ್ದು ಪಾಲು” ಎಂದು ತಮ್ಮನು ಉತ್ತರ ಕೊಟ್ಟನು. ಅಣ್ಣನು ಎರಡನೆಯ ಸಲ ಕೇಳಲಿಲ್ಲ. ಅಣ್ಣನು ಹಳಿಯಾಳದಲ್ಲಿ ನೆಲೆಸಿದನು. ತಮ್ಮನು ಮುಂಡಗೋಡಿನಲ್ಲಿ ಅಂಗಡಿಯಿಟ್ಟನು. ನಡುವಿನ ದಾರಿ ಬಸ್ಸಿನಲ್ಲಿ ಕೆಲವು ತಾಸು. ಅದನ್ನು ದಾಟುವುದಕ್ಕೆ ನಾಲ್ವತ್ತು ವರುಷ ಹಿಡಿಯಿತು.

ಗಾಡಿ ಬೆತ್ತಲೆಯಾಗಿಯೇ ಓಡಿತು. ಕೂಡಲು ಒಂದು ಹಲಗೆ, ಅದರ ಮೇಲೊಂದು ಗೋಣಿಚೀಲ. ಒಳಗೆ ಕೈಯಿಟ್ಟರೆ ತಗಡು, ತಂತಿ, ಮರದ ಅಂಚು. ಯಂತ್ರಕ್ಕೇನೂ ಕೊರತೆಯಿರಲಿಲ್ಲ. ಆದರೆ ಆ್ಯಶ್ ಮರಕ್ಕೆ ಒಂದು ಗುಣ, ಒಂದು ದೋಷ: ಬಾಗಿದರೆ ಮುರಿಯದು, ಮೊಳೆಯನ್ನು ಬಿಗಿಯಾಗಿ ಹಿಡಿಯುತ್ತದೆ, ತೇವ ತಾಗಿದರೆ ಮಾತ್ರ ಬೇಗ ಕುಂಬಾಗುತ್ತದೆ. ಬಲಬಾಗಿಲ ಚೌಕಟ್ಟು ಹಾಗೆ ಕೊಳೆತುಹೋದಾಗ ಅಣ್ಣನು ತಾನೇ ಉಳಿ ಹಿಡಿದು ದಾಂಡೇಲಿಯ ಸಾಗುವಾನಿಯಲ್ಲಿ ಹೊಸ ಚೌಕಟ್ಟನ್ನು ಮಾಡಿದನು. ಕಟ್ಟಿಗೆಯವರ ಮನೆಯಲ್ಲಿ ಹುಟ್ಟಿದವನು. ಕೆಲಸ ನೋಡತಕ್ಕಂತೆ ಇತ್ತು. ಗಟ್ಟಿಯಾಗಿರಲೆಂದು ಹಳೆಯ ಮರಕ್ಕಿಂತ ಎರಡು ಸೂತು ದಪ್ಪವನ್ನು ಇಟ್ಟುಕೊಂಡನು. ಬಾಗಿಲು ಮುಚ್ಚುತ್ತಿತ್ತು. ಅದರ ಮೇಲೆ ಬರಬೇಕಾದ ಹಲಗೆ ಇರಲಿಲ್ಲವಾಗಿ, ಆ ಎರಡು ಸೂತಿನ ಲೆಕ್ಕ ಯಾರಿಗೂ ಬೇಕಾಗಲಿಲ್ಲ.

ಈಚೆಗೆ ಒಂದು ಕಾರ್ತಿಕದಲ್ಲಿ ತಮ್ಮನ ಮೊಮ್ಮಗಳು ಹಳಿಯಾಳಕ್ಕೆ ಬಂದಳು. ಹಿಂದೆ ಒಂದು ಸಣ್ಣ ಲಾರಿಯಲ್ಲಿ ಸಾಗುವಾನಿಯ ಪೆಟ್ಟಿಗೆ. “ದೊಡ್ಡಜ್ಜಾ, ಅಜ್ಜಗ ಈಗ ಕಣ್ಣು ಸರಿ ಕಾಣಂಗಿಲ್ಲ. ಕಾಣೂದರಾಗ ಇದನ್ನ ಮುಟ್ಟಿಸಿ ಬಾ ಅಂದಾನ” ಎಂದಳು. ಪತ್ರವಿರಲಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ತಂದೆಯ ಕೈಯ ಪಟ್ಟಿ ಮಾತ್ರ ಅಂಟಿಕೊಂಡಿತ್ತು. ಅಣ್ಣನು ಎಣಿಸಿದನು. ‘ಅ’ದಿಂದ ‘ಐ’ವರೆಗೆ ಎಲ್ಲವೂ ಇದ್ದುವು, ‘ಈ’ ಇರಲಿಲ್ಲ. ಎಡಬಾಗಿಲಿನ ಹಲಗೆ, ಚಿಕ್ಕಂದಿನಲ್ಲಿ ತಮ್ಮನು ಕೂಡುತ್ತಿದ್ದ ಬದಿ. ಹುಡುಗಿಯನ್ನು ಅವನು ಏನೂ ಕೇಳಲಿಲ್ಲ.

ದಾಂಡೇಲಿಯಿಂದ ಒಬ್ಬ ಕುಷನ್ ಕೆಲಸದ ಮೇಸ್ತ್ರಿಯನ್ನು ಕರೆಸಲಾಯಿತು. ಬಸ್ಸು ಜೀಪುಗಳ ಪೀಠಗಳನ್ನು ಹೊಲಿದು ಮುಪ್ಪಾದ ಕೈ. ಆದರೆ ಹಳೆಯ ತೊಗಲನ್ನು ಕಂಡೊಡನೆ ಅವನು ಚಪ್ಪಲಿ ಕಳಚಿ ಕುಳಿತನು. ಮೀಮಾಂಸಕರು ರಥಕಾರನಿಗೆ ವರ್ಷಾಋತುವಿನಲ್ಲಿ ಅಗ್ನ್ಯಾಧಾನವನ್ನು ಹೇಳಿದ್ದಾರೆ. ರಥಕಾರನೆಂದರೆ ರಥ ಮಾಡುವವರೆಲ್ಲರೂ ಹೌದೋ, ಆ ಹೆಸರಿನ ಒಂದು ಜಾತಿಯೇ ಹೌದೋ ಎಂದು ದೊಡ್ಡ ಚರ್ಚೆ ನಡೆಸಿ, ರೂಢಿಯ ಅರ್ಥವೇ ಪ್ರಬಲವೆಂದು ತೀರ್ಮಾನಿಸಿದ್ದಾರೆ. ದಾಂಡೇಲಿಯ ರಥಕಾರನ ತೀರ್ಮಾನ ಇನ್ನೊಂದು: ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಚ್ಚಲೇಬಾರದು. ತೇವದಲ್ಲಿ ಅಂಟು ಹಿಡಿಯದು. ಹಸಿ ಹಿಗ್ಗಿದ ತೊಗಲನ್ನು ಬಿಗಿದರೆ ಬೇಸಗೆಯಲ್ಲಿ ಅದು ಮೊಳೆಯ ಬಳಿ ಹರಿಯುತ್ತದೆ. ಕಾರ್ತಿಕದಿಂದ ಫಾಲ್ಗುಣದವರೆಗೆ, ಇಬ್ಬನಿ ಆರಿದ ಮೇಲೆ, ಹೊತ್ತು ಇಳಿಯುವ ಮುನ್ನ. ಇದು ಅವನ ಮುಹೂರ್ತ.

ಒಳಮೈಯನ್ನು ಜೋಡಿಸುವ ವಿದ್ಯೆ ಹೊರಗಿನಿಂದ ನೋಡುವವರಿಗೆ ಮೊಳೆ ಹೊಡೆಯುವ ಕೆಲಸ. ಹತ್ತಿರ ಕುಳಿತು ನೋಡಿದರೆ ಅದು ಒಂದು ಬಗೆಯ ವ್ಯಾಕರಣ. ಎರಡು ಪದಗಳು ಕೂಡುವಲ್ಲಿ ಕನ್ನಡದ ಸಂಧಿ ಮೂರು ದಾರಿ ಹಿಡಿಯುತ್ತದೆ: ಇದ್ದ ಅಕ್ಷರ ಬಿಟ್ಟುಹೋಗುವುದು ಲೋಪ, ಇಲ್ಲದ ಅಕ್ಷರ ನಡುವೆ ಬರುವುದು ಆಗಮ, ಒಂದರ ಎಡೆಗೆ ಇನ್ನೊಂದು ನಿಲ್ಲುವುದು ಆದೇಶ. ಮೇಸ್ತ್ರಿಗೆ ಈ ಹೆಸರುಗಳು ತಿಳಿಯವು. ಕೆಲಸ ಮಾತ್ರ ಇವೇ.

ಮೊದಲನೆಯದು ಲೋಪ. ತುಕ್ಕು ಹಿಡಿದ ಹಳೆಯ ಚಿಕ್ಕ ಮೊಳೆಗಳನ್ನು ಒಂದೊಂದಾಗಿ ಎತ್ತಿದನು. ಎಳೆದು ಕೀಳಲಿಲ್ಲ, ಚಪ್ಪಟೆ ಉಳಿಯನ್ನು ತಲೆಯ ಕೆಳಗೆ ತೂರಿಸಿ ಮೀಟಿದನು. ಎಳೆದರೆ ತೊಗಲಿನ ತೂತು ಸೀಳಾಗುವುದು. ತೊಗಲಿನ ಬೆನ್ನಿಗೆ ಔಡಲೆಣ್ಣೆಯನ್ನು ಬಟ್ಟೆಯಿಂದ ಸ್ವಲ್ಪವೇ ಸವರಿ ನೆರಳಿನಲ್ಲಿ ಎರಡು ದಿನ ಬಿಟ್ಟನು. ಅಣ್ಣನು ಅವಸರಪಟ್ಟು ಒಂದು ಮೂಲೆಯನ್ನು ಜಗ್ಗಿ ನೋಡಿದಾಗ, “ಸಾವ್ಕಾರ್ರ, ಎಳೀಬ್ಯಾಡ್ರಿ. ತೊಗಲ ತಾನ ಒಪ್ಪೂತನಕ ತಡೀರಿ” ಎಂದನು.

ಆಮೇಲೆ ಬಿಗಿಯುವುದು. ಹೊದಿಕೆಯನ್ನು ಹಲಗೆಗೆ ಬಿಗಿಯುವವನು ಎಂದೂ ಮೂಲೆಯಿಂದ ಮೊದಲುಮಾಡುವುದಿಲ್ಲ. ನಾಲ್ಕು ಅಂಚುಗಳ ನಡುಮಧ್ಯದಲ್ಲಿ ಒಂದೊಂದು ಮೊಳೆಯನ್ನು ಅರ್ಧ ಮಾತ್ರ ಹೊಡೆದು, ಎದುರುಬದುರಾಗಿ ಸಮನಾಗಿ ಎಳೆಯುತ್ತ, ನಡುವಿನಿಂದ ಮೂಲೆಯ ಕಡೆಗೆ ನಡೆಯುತ್ತಾನೆ. ಹೀಗೆ ಮಾಡಿದರೆ ಸುಕ್ಕು ತಾನಾಗಿ ಮೂಲೆಗೆ ಸರಿಯುತ್ತದೆ. ಅಲ್ಲಿ ಅದನ್ನು ಮಡಿಚಿ ಅಡಗಿಸಬಹುದು. ಬಾಗಿಲಿನ ಮೇಲಂಚು ಮೊಣಕೈಗೆಂದು ತಗ್ಗಾಗಿ ಬಾಗಿರುವೆಡೆಯಲ್ಲಿ ತೊಗಲಿನ ಒಳ ಅಂಚನ್ನು ಕತ್ತರಿಯಿಂದ ಅಲ್ಲಲ್ಲಿ ಕಚ್ಚು ಮಾಡುತ್ತಾನೆ. ಇಲ್ಲವಾದರೆ ಬಾಗಿದಲ್ಲಿ ಬಿಗಿದು ಕೂಡದು. ಎಲ್ಲವೂ ಸಮನಾದುದು ಕಣ್ಣಿಗೆ ಕಂಡಮೇಲೆಯೇ ಅರ್ಧ ನಿಂತ ಮೊಳೆಗಳನ್ನು ಪೂರ್ತಿ ಇಳಿಸುವುದು. ಕೊನೆಗೆ ಆ ಮೊಳೆಗಳ ಸಾಲನ್ನು ಮರೆಸಲು ಒಂದು ಪಟ್ಟಿ: ನಡುವೆ ಮೊಳೆ ಹೊಡೆದರೆ ಇಬ್ಬದಿಯ ಸುರುಳಿಯಂಚುಗಳು ಅದರ ಮೇಲೆ ರೆಪ್ಪೆಯಂತೆ ಮುಚ್ಚಿಕೊಳ್ಳುತ್ತವೆ. ಇದು ಆಗಮ.

ಹಳಿಯಾಳ ಮುಂಡಗೋಡಿನ ಸುತ್ತಣ ಸಿದ್ದಿ ಹೆಂಗಸರು ಹೊಲಿಯುವ ಕವುದಿಯ ಕ್ರಮ ಇದಕ್ಕೆ ತೀರ ವಿರುದ್ಧ. ಅವರು ಅಂಚಿನಿಂದ ಆರಂಭಿಸಿ, ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಸೇರಿಸುತ್ತ, ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿದುಕೊಂಡು ಬರುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಮಡಿಚಿದ ಮುಕ್ಕೋಣದ ಚೂರುಗಳನ್ನು ಹೂವಿನಂತೆ ಇಡುತ್ತಾರೆ. ಅವಿಲ್ಲದ ಕವುದಿ ಬೆತ್ತಲೆಯೆಂಬುದು ಅವರ ಭಾವನೆ. ಇರುವ ಒಂದೇ ತೊಗಲನ್ನು ಬಿಗಿಯುವವನು ನಡುವಿನಿಂದ ಹೊರಟು ಅಂಚನ್ನು ಮುಟ್ಟುತ್ತಾನೆ. ಚಿಂದಿಗಳನ್ನು ಕೂಡಿಸುವವಳು ಅಂಚಿನಿಂದ ಹೊರಟು ನಡುವನ್ನು ಸೇರುತ್ತಾಳೆ. ಅಖಂಡವಾದುದನ್ನು ಹೊಂದಿಸುವ ದಾರಿ ಒಂದು, ಒಡೆದುದನ್ನು ಕೂಡಿಸುವ ದಾರಿ ಇನ್ನೊಂದು. ಯಾವ ವಸ್ತುವಿಗೆ ಯಾವ ದಾರಿಯೆಂಬುದನ್ನು ತಿಳಿಯದೆ ಕೆಡುವ ಕೆಲಸಗಳು ಬಟ್ಟೆ ತೊಗಲಿನಲ್ಲಷ್ಟೇ ಇಲ್ಲ.

‘ಅ’, ‘ಆ’ ಕುಳಿತುವು. ‘ಇ’ ತೊಡಕಾಯಿತು. ಬಲಬಾಗಿಲಿಗೆ ಹಲಗೆಯನ್ನು ಇಟ್ಟು ನೋಡಿದರೆ ಬಾಗಿಲು ಮುಚ್ಚದು. ಎರಡು ಸೂತು ಹೊರಗೆ ನಿಲ್ಲುತ್ತದೆ. ಮೇಸ್ತ್ರಿಯು ಸಾಗುವಾನಿಯ ಚೌಕಟ್ಟನ್ನು ಬೆರಳಿನಿಂದ ಅಳೆದು, ಸುಲಭವಾದ ದಾರಿಯನ್ನು ಹೇಳಿದನು: ತೊಗಲನ್ನು ಬಿಡಿಸಿ, ಬೆನ್ನಿನ ಹಳೆಯ ಹಲಗೆಯನ್ನು ಬಿಸಾಡಿ, ತೆಳುವಾದ ಹೊಸ ಪ್ಲೈವುಡ್ಡಿಗೆ ಹೊದಿಸಿದರಾಯಿತು, ಒಂದು ಹೊತ್ತಿನ ಕೆಲಸ. ಅಣ್ಣನು ಹಲಗೆಯನ್ನು ತಿರುಗಿಸಿದನು. ಬೆನ್ನಿನ ಮೇಲೆ ತಂದೆಯ ‘ಇ’, ಮಸುಕಾಗಿಯಾದರೂ ಓದುವಂತಿತ್ತು. ಅವನು ಬಹಳ ಹೊತ್ತು ಚೌಕಟ್ಟನ್ನೇ ನೋಡಿದನು. ಅದು ಅವನ ಕೈಯ ಕೆಲಸ. ನಾಲ್ವತ್ತು ಮಳೆಗಾಲಗಳಲ್ಲಿ ಒಂದು ಕೂದಲೆಳೆಯಷ್ಟೂ ಕದಲದ ಕೆಲಸ. ಒಂಟಿಯಾಗಿ ನಿಂತು ಸಾಧಿಸಿದೆನೆಂದು ಅವನು ಒಳಗೊಳಗೇ ಹೆಮ್ಮೆಪಟ್ಟ ಕೆಲಸ. ಒಂಟಿಯಾಗಿ ಮಾಡಿದ ಕೆಲಸವಾದುದರಿಂದಲೇ ಇನ್ನೊಂದಕ್ಕೆ ಅದರಲ್ಲಿ ಎಡೆಯುಳಿದಿರಲಿಲ್ಲ.

“ಹಲಗಿ ಹಾಂಗ ಇರಲಿ. ಇದು ನನ್ನ ಕಟಿಗಿ, ಹೆರಿ” ಎಂದನು.

ಸಾಗುವಾನಿಯನ್ನು ಹೆರೆಯುವುದು ಸುಲಭವಲ್ಲ. ಅದರ ಮೈಯಲ್ಲಿ ಮರಳಿನ ಅಂಶವುಂಟು. ಕೀಸುಳಿಯ ಬಾಯಿ ಬೇಗ ಮೊಂಡಾಗುತ್ತದೆ. ಎರಡು ದಿನ, ಕೀಸುವುದು, ಸಾಣೆ ಹಿಡಿಯುವುದು, ಮತ್ತೆ ಕೀಸುವುದು. ಕೆಂಪು ಸುರುಳಿಗಳು ನೆಲವನ್ನು ತುಂಬಿದುವು. ಹೊಸದಾಗಿ ಕೊಯ್ದ ಮರದ ವಾಸನೆ ಕೊಟ್ಟಿಗೆಯನ್ನೆಲ್ಲ ಹಬ್ಬಿತು. ಮರದಲ್ಲಿ ಎಣ್ಣೆಯಿರುವುದರಿಂದ ಅಂಟು ಹಚ್ಚುವ ಮುನ್ನ ಸ್ಪಿರಿಟ್ಟಿನಿಂದ ಒರಸಬೇಕಾಯಿತು. ತಿರುಪುಗಳಿಗೂ ಒಂದು ಉಪಾಯ. ತೋರುವುದು ಹಿತ್ತಾಳೆಯ ತಿರುಪು, ಅದರ ತಲೆಯ ಕೆಳಗೆ ಬಟ್ಟಲಿನಾಕಾರದ ಹಿತ್ತಾಳೆಯ ಬಿಲ್ಲೆ. ಬಿಚ್ಚುವಾಗ ತೊಗಲು ಹರಿಯಬಾರದೆಂದು. ಆದರೆ ಹಿತ್ತಾಳೆ ಮೆದು. ಗಟ್ಟಿಮರದಲ್ಲಿ ನೇರವಾಗಿ ತಿರುವಿದರೆ ಕುತ್ತಿಗೆ ಮುರಿಯುತ್ತದೆ. ಅದಕ್ಕಾಗಿ ಮೊದಲು ಸಣ್ಣ ತೂತು ಕೊರೆದು, ಅದೇ ಅಳತೆಯ ಉಕ್ಕಿನ ತಿರುಪನ್ನು ಒಮ್ಮೆ ಇಳಿಸಿ ತೆಗೆದು, ಸಿದ್ಧವಾದ ಆ ದಾರಿಯಲ್ಲಿ ಹಿತ್ತಾಳೆಯದನ್ನು ಸಾಬೂನು ಸವರಿ ಬಿಡುತ್ತಾರೆ. ಮೂರನೆಯ ದಿನ ‘ಇ’ ಕುಳಿತಿತು. ಬಾಗಿಲು ಮುಚ್ಚಿತು, ತಗಡಿನ ಶಬ್ದ ಹೋಗಿ, ಪೆಟ್ಟಿಗೆಯ ಮುಚ್ಚಳ ಇಳಿದಂಥ ಮೆಲ್ಲನೆಯ ಶಬ್ದ ಬಂತು.

ಮೊಮ್ಮಗಳು ಇದನ್ನೆಲ್ಲ ನೋಡಿಕೊಂಡು ಮುಂಡಗೋಡಿಗೆ ಹಿಂದಿರುಗಿದಳು. ನೋಡಿದುದನ್ನು ಅಜ್ಜನಿಗೆ ಹೇಳಿದಳೆಂದು ತೋರುತ್ತದೆ. ಏಕೆಂದರೆ ಒಂದು ವಾರದಲ್ಲಿ ಅಲ್ಲಿಂದ ಒಂದು ರತ್ನಗಂಬಳಿ ಬಂತು. ಮುಂಡಗೋಡಿನ ಬಳಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿಯುಂಟು. ಡ್ರೆಪುಂಗ್, ಗಾಂಡೆನ್ ಮಠಗಳನ್ನು ಅವರು ಅಲ್ಲಿಯೇ ಮತ್ತೆ ಕಟ್ಟಿಕೊಂಡಿದ್ದಾರೆ. ಅವರೂ ನೆಲೆ ಕಳೆದುಕೊಂಡು ಬಂದವರೇ. ಉಣ್ಣೆಯ ಗಂಟುಗಂಟಾಗಿ ನೇಯ್ದ ಅವರ ಕೈಯ ಗಂಬಳಿ ಅದು. ನೀಲಿಯ ಮೇಲೆ ಬಿಳಿಯ ಮೋಡಗಳು. ಗಾಡಿಯ ನೆಲಕ್ಕೆಂದು ತಮ್ಮನು ಕಳುಹಿಸಿದ್ದನು. ಮೇಸ್ತ್ರಿಯು ಅದನ್ನು ಬಲಗಡೆಗೆ ಹಾಸಿ ನೋಡಿ ತಲೆಯಾಡಿಸಿದನು. ಗಂಬಳಿ ದಪ್ಪ, ವೇಗದ ಮೆಟ್ಟು ಅದರಲ್ಲಿ ಸಿಕ್ಕಿಕೊಂಡರೆ ಮತ್ತೆ ಮೇಲಕ್ಕೆ ಬಾರದು. ಆದುದರಿಂದ ಓಡಿಸುವವನ ಕಾಲ ಕೆಳಗೆ ತೆಳುವಾದ ಕಂಬಳಿಯನ್ನೇ ಬಿಗಿದು, ಗಂಬಳಿಯನ್ನು ಎಡಗಡೆಗೆ ಹಾಸಿದರು. ಎಡಬಾಗಿಲು ಮಾತ್ರ ತಗಡಾಗಿಯೇ ಉಳಿಯಿತು.

ಪುಷ್ಯಮಾಸದ ಒಂದು ಮಧ್ಯಾಹ್ನ ತಮ್ಮನು ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದನು. ಕೊಟ್ಟಿಗೆಯಲ್ಲಿ ಗಾಡಿಯ ಅಂಚನ್ನು ತಡವಿಕೊಂಡು ನಡೆದು, ಎಡಗಡೆಗೆ ಏರಿ ಕುಳಿತನು. ಕಾಲಿನಿಂದ ಗಂಬಳಿಯನ್ನು ಗುರುತಿಸಿದನು. ಕೈಯಿಂದ ಬಾಗಿಲಿನ ತಗಡನ್ನು ಗುರುತಿಸಿದನು.

“ಅಣ್ಣಾ, ‘ಈ’ ನಾನ ಹರದೆ” ಎಂದನು. “ಊರು ಬಿಟ್ಟ ಮೊದಲನೇ ವರ್ಷ. ಅಂಗಡಿ ಇನ್ನೂ ನಡೀತಿರಲಿಲ್ಲ. ಹುಡುಗನ್ನ ಸಾಲಿಗೆ ಹಾಕಿದೆ, ಪಾಟಿಚೀಲಕ್ಕ ರೊಕ್ಕ ಇರಲಿಲ್ಲ. ಆ ತೊಗಲಿನಾಗ ಚೀಲ ಹೊಲಿಸಿದೆ. ಅದಕ್ಕ ಪೆಟಿಗಿ ಕಳಸಲಿಲ್ಲ. ಒಂದು ಇಲ್ಲಾ ಅಂದ್ರ ನೀ ಏನಂತಿ ಅಂತ ಅಂಜಿದೆ.”

ಹಾಗಾದರೆ ಪಾಲಿನ ಹಠವೆಂದು ಅಣ್ಣನು ನಾಲ್ವತ್ತು ವರುಷ ಎಣಿಸಿದ್ದು ಬಹುಪಾಲು ನಾಚಿಕೆ. ಅವನು ಬಲಗಡೆಗೆ ಬಂದು ಕುಳಿತು, ಮೆತ್ತಗೆ ಬಾಗಿಲು ಮುಚ್ಚಿದನು.

“ಚೀಲ ಎಷ್ಟ ವರ್ಷ ಬಾಳಿತು?”

“ಮ್ಯಾಟ್ರಿಕ್ ಮುಗಿಯೂತನಕ.”

“ಹಂಗಾದ್ರ ಅಪ್ಪ ತಂದ ತೊಗಲು ಛಲೋದಿತ್ತು.”

ಆ ಕೆಂಪಿಗೆ ಸರಿಹೋಗುವ ತೊಗಲು ಇನ್ನು ದೊರೆಯುವಂತಿರಲಿಲ್ಲ. ಬಣ್ಣ ಹೊಂದಿದರೂ ಎಪ್ಪತ್ತು ವರುಷದ ಹಳಮೆ ಹೊಂದದು. ‘ಈ’ಗೆ ಆದೇಶವೇ ಆಗಬೇಕು. ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸಿದ್ದಿ ಮುದುಕಿಯಿಂದ ಬಾಗಿಲಿನ ಅಳತೆಗೆ ಒಂದು ಕವುದಿಯ ತುಂಡನ್ನು ಹೊಲಿಸಿದರು. ಎರಡೂ ಮನೆಗಳ ಹಳೆಯ ಸೀರೆಗಳು, ಒಂದು ಕೋಟು, ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ತೊಗಲಿನ ನಾಲ್ಕು ಚೂರುಗಳು. ಮುದುಕಿ ಆ ಚೂರುಗಳನ್ನೇ ಮೂಲೆಗಳಿಗೆ ಹೂವಾಗಿ ಇಟ್ಟಳು. ಮೇಸ್ತ್ರಿಗೆ ಇದು ಮೊದಲು ಮನಸ್ಸಿಗೆ ಬರಲಿಲ್ಲ. ಗಾಡಿಯ ಮರ್ಯಾದೆಗೆ ಕವುದಿ ತಕ್ಕುದಲ್ಲವೆಂದು ಅವನ ಎಣಿಕೆ. ಬಿಗಿದು ನೋಡಿದ ಮೇಲೆ ಸುಮ್ಮನಾದನು.

ಬಿಗಿಯುವ ಮುನ್ನ ಹೊಸ ಹಲಗೆಯ ಬೆನ್ನಿಗೆ ಅಕ್ಷರ ಬೀಳಬೇಕಾಗಿತ್ತು. ಅಣ್ಣನು ಪೆನ್ಸಿಲನ್ನು ತಮ್ಮನ ಕೈಗೆ ಕೊಟ್ಟು, ಹಲಗೆಯ ಮೇಲೆ ಅವನ ಬೆರಳನ್ನು ಸರಿಯಾದ ಎಡೆಗೆ ಇರಿಸಿದನು. ತಮ್ಮನು ಬರೆದ ‘ಈ’ ತುಸು ಸೊಟ್ಟಗಾಯಿತು. ಹಿತ್ತಾಳೆಯ ತಿರುಪುಗಳು ಒಂದೊಂದಾಗಿ ಇಳಿದುವು. ಮುಂದಿನ ಮೃಗಶಿರಾ ಮಳೆಗೆ ಮುನ್ನ ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ತುಂಬುವವರೆಗೆ ಆ ಅಕ್ಷರ ಯಾರ ಕಣ್ಣಿಗೂ ಬೀಳುವಂತಿಲ್ಲ.